ಮಾನ್ವಿಯಲ್ಲಿ ಕರಗದ ಜರ್ಮನ್ ಚಾಕಲೇಟು

ಜರ್ಮನಿಯ ಬಗ್ಗೆ ನಿಮಗೆ ಏನಾದರೂ ತಿಳಿದುಕೊಳ್ಳಬೇಕಾಗಿದ್ದರೆ ವಿಮಾನದ ಟಿಕೆಟ್ಟಿಗೆ ದುಡ್ಡು ಹಾಕಬೇಡಿ. ರಾಯಚೂರಿನಲ್ಲಿ ಮಾನ್ವಿಯ ಬಸ್ಸು ಹತ್ತಿ. ಇಳಿದ ಮೇಲೆ ಅಕ್ಕಿ ಗಿರಣಿಗಳ ಸಾಲು ಎಲ್ಲಿ ಎಂದು ಕೇಳಿ ಅಲ್ಲಿಗೆ ಹೋಗಿ, ಯಾವನಾದರೂ ಹಮಾಲನನ್ನು ಹಿಡಿದು 'ಜರ್ಮನಿ ಧಣೇರು ಎಲ್ಲಿ ಕುಂದರ್ತಾರ' ಎನ್ನಿ. ಬಿಳಿ ಧೋತರ, ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಇಷ್ಟು ಧರಿಸಿ ಕೂತಿರುವ ನನ್ನ ಸೋದರಮಾವನ ಮುಂದೆ ನಿಮ್ಮನ್ನು ತಂದು ಬಿಡುತ್ತಾನೆ. ಜರ್ಮನರು ಎಷ್ಟು ಗಂಟೆಗೆ ಏಳುತ್ತಾರೆ, ಅವರ ಆಕಳುಗಳು ಯಾವ ಹುಲ್ಲು ಮೇಯುತ್ತವೆ, ಸುಳ್ಳು ಕೇಳಿದರೆ ಅವರ ಮೈ ಹೇಗೆ ಉರಿಯುತ್ತದೆ, ಎಲ್ಲವನ್ನೂ ಅವನು ಕಣ್ಣಾರೆ ಕಂಡವನಂತೆ ಹೇಳುತ್ತಾನೆ. ಪಾಸ್‌ಪೋರ್ಟ್ ಮಾತ್ರ ಕೇಳಬೇಡಿ. ಅದು ಅವನ ಹತ್ತಿರ ಇಲ್ಲ. ಪಶ್ಚಿಮ ದಿಕ್ಕಿಗೆ ನನ್ನ ಮಾವ ಹೋದ ಕೊನೆಯ ಊರು ಲಿಂಗಸುಗೂರು. ಅದರಾಚೆಗಿನದೆಲ್ಲ ಅವನ ಪಾಲಿಗೆ ಜರ್ಮನಿಯೇ!

ಈ ಜ್ಞಾನವೆಲ್ಲ ಅವನಿಗೆ ಪುಸ್ತಕದಿಂದ ಬಂದದ್ದಲ್ಲ, ನಾಲಿಗೆಯಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ಅಕ್ಕಿಯಲ್ಲಿನ ಕಪ್ಪು ಕಾಳು, ಕಲ್ಲು ಆರಿಸುವ ದೊಡ್ಡ ಯಂತ್ರವೊಂದನ್ನು ಅವನು ಜರ್ಮನಿಯಿಂದ ತರಿಸಿದ. ಅದನ್ನು ಕೂಡಿಸಲು ಬಾಗಿಲಿನಷ್ಟು ಎತ್ತರದ ಹುಡುಗನೊಬ್ಬ ಬಂದ. ನಾಲ್ಕು ದಿನ ಮಾವನ ಮನೆಯಲ್ಲೇ ಉಂಡ. ಅತ್ತೆ ಮಾಡಿದ ಪುಂಡಿಪಲ್ಯ, ಕೆಂಪು ಚಟ್ನಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತ 'ಗುಡ್, ಗುಡ್' ಎಂದ. ಹೋಗುವ ದಿನ ತನ್ನ ಚೀಲದಿಂದ ಕಪ್ಪು ಚಾಕಲೇಟಿನ ಒಂದು ಡಬ್ಬಿ ತೆಗೆದು ಅತ್ತೆಯ ಕೈಗೆ ಕೊಟ್ಟ. ಮಾವ ಒಂದು ತುಂಡು ಬಾಯಿಗೆ ಹಾಕಿಕೊಂಡ. ಹಾಕಿಕೊಂಡವನು ಮಾತಾಡಲಿಲ್ಲ. ಎಷ್ಟು ಹೊತ್ತು ಅಂದರೆ, ಬಿಪಿ ಏರಿತೇನೋ ಎಂದು ಅತ್ತೆ ನೀರು ತರಲು ಓಡಿದಳಂತೆ. ಕೊನೆಗೆ ಕಣ್ಣು ತೆರೆದು ಅವನು ಹೇಳಿದ ಮಾತು ಇವತ್ತಿಗೂ ನಮ್ಮ ಬಳಗದಲ್ಲಿ ಓಡಾಡುತ್ತದೆ.

"ಇದರಾಗ ಸುಳ್ಳಿಲ್ಲ."

ಅವತ್ತಿನಿಂದ ನಮ್ಮ ಕಷ್ಟ ಶುರುವಾಯಿತು. ಏಕೆಂದರೆ ಮಾವನಿಗೆ ಯಾವುದನ್ನೂ ಸುಮ್ಮನೆ ಇಷ್ಟಪಡಲು ಬರುವುದಿಲ್ಲ. ಅವನು ಇಷ್ಟಪಟ್ಟದ್ದನ್ನು ಊರೆಲ್ಲ ಇಷ್ಟಪಡಬೇಕು, ಅದೂ ಅವನು ಹೇಳಿದ ಕ್ರಮದಲ್ಲಿ. ಚಾಕಲೇಟನ್ನು ಕಡಿಯಬಾರದು. ಮೊದಲು ಕಿವಿಯ ಹತ್ತಿರ ಹಿಡಿದು ಮುರಿಯಬೇಕು. 'ಟಕ್' ಎಂದರೆ ಅಸಲಿ. ಸಪ್ಪಳ ಬರದಿದ್ದರೆ ಅದು ಎಣ್ಣೆಯ ಮುದ್ದೆ. ಆಮೇಲೆ ನಾಲಿಗೆಯ ನಡುವೆ ಇಟ್ಟು, ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು ಕೂಡಬೇಕು. ಅದು ತಾನಾಗಿ ಕರಗಬೇಕು. ಲಿಂಗಪೂಜೆಗೂ ಅವನು ಇಷ್ಟು ಹೊತ್ತು ಕಣ್ಣು ಮುಚ್ಚಿದ್ದನ್ನು ನಾನು ನೋಡಿಲ್ಲ.

ಒಮ್ಮೆ ಗಿರಣಿಯ ಹಮಾಲರನ್ನೆಲ್ಲ ಸಾಲಾಗಿ ಕೂಡಿಸಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚಿದ. ಅವರು ಬೆಳಗಿನಿಂದ ಚೀಲ ಹೊತ್ತವರು. ಮಿರ್ಚಿ ಭಜಿ, ಚುರುಮುರಿ, ಚಹಾ ಬರುತ್ತದೆಂದು ಕೂತವರು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಇಬ್ಬರಿಗೆ ನಿದ್ದೆ ಹತ್ತಿತು. ಹೇಗಿದೆ ಎಂದು ಮಾವ ಕೇಳಿದಾಗ, ಅವರಲ್ಲಿ ಹಿರಿಯನಾದವನು ತಲೆ ಕೆರೆದುಕೊಂಡು, "ಚಲೋ ಅದರೀ ಧಣೇರ. ಒಂದೀಟು ಬೆಲ್ಲ ಹಾಕಿದ್ರ ತಿನ್ನಾಕ ಬರ್ತಿತ್ತು" ಎಂದ. ಮಾವ ಆ ವಾರ ಅವನ ಜೊತೆ ಮಾತಾಡಲಿಲ್ಲ.

ಎರಡನೆಯ ಕಷ್ಟ ನಮ್ಮ ಬಿಸಿಲು. ಮಾನ್ವಿಯ ಬಿಸಿಲಿನಲ್ಲಿ ರಸ್ತೆಯ ಡಾಂಬರೇ ಮೆತ್ತಗಾಗುತ್ತದೆ, ಚಾಕಲೇಟು ಎಷ್ಟರದು? ಫ್ರಿಜ್ಜಿನಲ್ಲಿ ಇಡು ಎಂದರೆ ಅವನಿಗೆ ಅವಮಾನ. ಫ್ರಿಜ್ಜಿನಲ್ಲಿ ಇಟ್ಟರೆ ಅದರ ಮೇಲೆ ಬಿಳಿ ಬೂಷ್ಟಿನಂಥದ್ದು ಏಳುತ್ತದಂತೆ, ಒಳಗಿನ ಉಳ್ಳಾಗಡ್ಡಿಯ ವಾಸನೆ ಹಿಡಿಯುತ್ತದಂತೆ. ಹಾಗಾಗಿ ಆ ಬೇಸಿಗೆಯಲ್ಲಿ ಅವನು ಮನೆಗೆ ಏಸಿ ತಂದ. ಮೂವತ್ತು ವರ್ಷದಿಂದ ಒಂದು ಕೂಲರ್ ಕೇಳಿ ಕೇಳಿ ದಣಿದಿದ್ದ ಅತ್ತೆ, ಕಡೆಗಾದರೂ ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಏಸಿ ಹೋಗಿ ಕೂತದ್ದು ಉಗ್ರಾಣದ ಪಕ್ಕದ ಚಿಕ್ಕ ಕೋಣೆಯಲ್ಲಿ, ಚಾಕಲೇಟಿನ ಕಪಾಟಿನ ಎದುರಿಗೆ! ಅತ್ತೆ ಜಗಳ ಮಾಡುವ ಪೈಕಿ ಅಲ್ಲ. ಮರುದಿನದಿಂದ ಅವಳು ಅಕ್ಕಿ ಆರಿಸುವುದು, ಕಾಯಿಪಲ್ಯ ಹೆಚ್ಚುವುದು, ಮಧ್ಯಾಹ್ನದ ನಿದ್ದೆ, ಎಲ್ಲವನ್ನೂ ಚಾಕಲೇಟಿನ ಕೋಣೆಗೆ ಸಾಗಿಸಿದಳು. ಓಣಿಯ ಹೆಂಗಸರೂ ಚಾಕಲೇಟು ನೋಡಲು ಎಂಬ ನೆವ ಮಾಡಿಕೊಂಡು ಬರತೊಡಗಿದರು. ನಾನು ಹೋದಾಗ ಅತ್ತೆ ನೆಲಕ್ಕೆ ಮೈ ಚಾಚಿ, "ಈ ಮನ್ಯಾಗ ಸೊಸಿಯಾಗಿ ಬರಬಾರದಾಗಿತ್ತವ್ವಾ. ಚಾಕಲೇಟಾಗಿ ಬರಬೇಕಾಗಿತ್ತು" ಎಂದಳು.

ಮೂರನೆಯ ಕಷ್ಟ ನನ್ನ ಪಾಲಿನದು. ನಾನು ರಾಯಚೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಮಾವನ ಇಂಗ್ಲಿಷ್ ಪತ್ರಗಳನ್ನು ನಾನೇ ಬರೆಯಬೇಕು. ಯಂತ್ರದ ಎಂಜಿನಿಯರ್ ಬಂದಾಗಲೆಲ್ಲ ಚಾಕಲೇಟು ಬರುತ್ತದೆ, ಆದರೆ ಯಂತ್ರ ಕೆಟ್ಟರೆ ಮಾತ್ರ ಎಂಜಿನಿಯರ್ ಬರುತ್ತಾನೆ. ಹಾಳಾದ ಯಂತ್ರ ಕೆಡುವುದೇ ಇಲ್ಲ! ಆದ್ದರಿಂದ ಮಾವ ಕಾಯಿಲೆಗಳನ್ನು ಹುಟ್ಟಿಸತೊಡಗಿದ. ಯಂತ್ರ ನಡುನಡುವೆ ನಿಟ್ಟುಸಿರು ಬಿಡುತ್ತದೆ ಎಂದು ಒಂದು ಪತ್ರ. ಮೊದಲಿನ ಉಮೇದಿ ಈಗ ಕಾಣುತ್ತಿಲ್ಲ ಎಂದು ಇನ್ನೊಂದು. 'ಉಮೇದಿ'ಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ನಾನು ಒಂದು ಸಂಜೆಯೆಲ್ಲ ಕೂತಿದ್ದೆ. ಯಂತ್ರ ಪೂರ್ತಿ ಆರೋಗ್ಯವಾಗಿದೆ, ನಾವು ಇಲ್ಲಿಂದಲೇ ಪರೀಕ್ಷಿಸಿದ್ದೇವೆ ಎಂದು ಅಲ್ಲಿಂದ ಉತ್ತರ ಬಂತು. ಅದನ್ನು ಓದಿ ಹೇಳಿದಾಗ ಮಾವನ ಮುಖ ನೋಡಬೇಕಿತ್ತು. ಮಗಳಿಗೆ ಬಂದ ಸಂಬಂಧ ತಪ್ಪಿಹೋದವನ ಹಾಗೆ ಕೂತಿದ್ದ. ಆಮೇಲೆ ಹೈದರಾಬಾದಿನಲ್ಲಿ ಅಂಥ ಮಾಲು ಮಾರುವ ಅಂಗಡಿಯೊಂದನ್ನು ಪತ್ತೆ ಹಚ್ಚಿಕೊಂಡ. ನನ್ನ ಪತ್ರಗಳಿಗೆ ಬಿಡುವು ಸಿಕ್ಕಿತು.

ಇಷ್ಟಾಗಿದ್ದರೆ ನಗುತ್ತ ಇರಬಹುದಿತ್ತು. ಆದರೆ ಒಂದನ್ನು ಮೆಚ್ಚಬೇಕಾದರೆ ಇನ್ನೊಂದನ್ನು ಬೈಯಲೇಬೇಕು ಎನ್ನುವ ಜಾತಿಯವನು ಮಾವ. ಬೈಯಲು ಅವನು ಆರಿಸಿಕೊಂಡದ್ದು ಅಮೆರಿಕದ ಮಿಠಾಯಿಯನ್ನು. ಅಮೆರಿಕ ಅವನಿಗೆ ಏನು ಮಾಡಿತ್ತು? ಏನೂ ಇಲ್ಲ. ಅಮೆರಿಕದ ಮಿಠಾಯಿ ಮಾರುತ್ತಿದ್ದವಳು ಅವನ ತಂಗಿ, ಅಷ್ಟೇ. ಅಂದರೆ ನನ್ನ ಅವ್ವ.

ಅವ್ವನದು ದೇವದುರ್ಗದಲ್ಲಿ ಒಂದು ಫ್ಯಾನ್ಸಿ ಸ್ಟೋರ್. ಬಳೆ, ಕ್ಲಿಪ್ಪು, ನೋಟ್‌ಬುಕ್ಕು, ಸಾಬೂನು, ಎಲ್ಲ ಸಿಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಮಾನ್ವಿಗೆ ಬಂದು ನಮ್ಮ ಮನೆಯಲ್ಲೇ ಇರು ಎಂದು ಮಾವ ಕರೆದಿದ್ದ. ಅವ್ವ ಒಲ್ಲೆ ಎಂದಳು. ಅಣ್ಣನ ಹತ್ತಿರ ಏನನ್ನೂ ಕೇಳದೆ ಎಂಟು ಅಡಿ ಅಗಲದ ಮಳಿಗೆ ಹಿಡಿದು ಕೂತಳು. ಮಾವನಿಗೆ ಆ 'ಒಲ್ಲೆ' ಎಲ್ಲೋ ಚುಚ್ಚಿಕೊಂಡಿತ್ತೆಂದು ನನಗೆ ಈಗ ಅನ್ನಿಸುತ್ತದೆ. ಆಗ ಗೊತ್ತಾಗಲಿಲ್ಲ.

ಹೋದ ವರ್ಷ ಅವ್ವ ಹೈದರಾಬಾದಿನ ಹೋಲ್‌ಸೇಲ್ ಅಂಗಡಿಯಿಂದ ಅಮೆರಿಕದ ಮಿಠಾಯಿ ತರಿಸಿದಳು. ರಬ್ಬರಿನ ಹಾಗೆ ಜಗ್ಗುವ ಕರಡಿ, ಹುಳ, ಮೊಸಳೆ. ಮೇಲೆ ಹುಳಿ ಸಕ್ಕರೆ. ಒಳಗೆ ಹೋಳಿ ಹುಣ್ಣಿಮೆಯ ಅಷ್ಟೂ ಬಣ್ಣ. ದೇವದುರ್ಗದ ಮಕ್ಕಳು ಹುಚ್ಚೆದ್ದು ಹೋದರು. ಶಾಲೆ ಬಿಟ್ಟರೆ ಅಂಗಡಿಯ ಮುಂದೆ ನೂಕುನುಗ್ಗಲು. ಊರಿನ ಮಕ್ಕಳ ನಾಲಿಗೆಯೆಲ್ಲ ನೀಲಿ. ಒಬ್ಬ ಮಾಸ್ತರರು ಏನೋ ರೋಗ ಬಂದಿದೆಯೆಂದು ಮಕ್ಕಳನ್ನು ದವಾಖಾನೆಗೆ ಕಳಿಸಿದ್ದರಂತೆ. ಅವ್ವನ ಮುಖದಲ್ಲಿ ಆ ಎರಡು ತಿಂಗಳು ಇದ್ದ ಕಳೆಯನ್ನು ನಾನು ಮೊದಲು ಎಂದೂ ಕಂಡಿರಲಿಲ್ಲ. ಬಂದವರಿಗೆಲ್ಲ "ಅಮೆರಿಕಾದ ಮಾಲರೀ" ಎನ್ನುವಾಗ, ಆ ದೇಶವನ್ನು ಅವಳೇ ಹೋಗಿ ಆರಿಸಿ ತಂದಿದ್ದಾಳೆ ಎನ್ನಬೇಕು.

ಈ ಸುದ್ದಿ ಮಾನ್ವಿಗೆ ಮುಟ್ಟಿತು. ಮಾವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಸಂತೆಯ ದಿನವೇ ನೋಡಿಕೊಂಡು ದೇವದುರ್ಗಕ್ಕೆ ಬಂದ. ನಾನೂ ಅವತ್ತು ಅವ್ವನಿಗೆ ನೆರವಾಗಲು ಬಂದಿದ್ದೆ. ಅಂಗಡಿಯ ತುಂಬ ಹೆಂಗಸರು, ಮಕ್ಕಳು. ಮಾವ ಒಂದು ಮಿಠಾಯಿ ಪಾಕೀಟು ಎತ್ತಿಕೊಂಡು ಬೆಳಕಿಗೆ ಹಿಡಿದ. ಭೂಮಿಯ ಮೇಲೆ ಯಾವ ಹಣ್ಣು ಇಷ್ಟು ನೀಲಿ ಇದೆ ತೋರಿಸಿ ಎಂದು ಸುತ್ತಲಿನವರನ್ನು ಕೇಳಿದ. ನೇರಳೆ ಎಂದಳು ಒಬ್ಬ ಮುದುಕಿ. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕನ್ನಡಕ ಸರಿ ಮಾಡಿಕೊಂಡು, ಬೆಲೆಯ ಚೀಟಿಯನ್ನು ಉಗುರಿನಿಂದ ಕಿತ್ತ. ಅದರ ಕೆಳಗೆ ಮಾಂಸಾಹಾರದ ಕಂದು ಗುರುತು ಇತ್ತು. ಪಾಕೀಟಿನ ಮೇಲಿದ್ದ ಒಂದು ಶಬ್ದದ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದ.

"ಯವ್ವಾ, ನೀ ಸೈನ್ಸ್ ಕಲಸಾಕಿ. ಈ ಜೆಲಟಿನ್ ಅಂದ್ರ ಏನು, ಎಲ್ಲಾರಿಗೂ ಕೇಳೂಹಂಗ ಹೇಳು."

ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ನೀವು ನೋಡಬೇಕು. ಅವ್ವನ ಅಂಗಡಿ, ಸಂತೆಯ ದಿನ, ಎದುರಿಗೆ ವಿಭೂತಿ ಹಚ್ಚಿದ ಹತ್ತು ಹಣೆಗಳು. ಗೊತ್ತಿಲ್ಲ ಎಂದಿದ್ದರೆ ನನ್ನ ಡಿಗ್ರಿ ವಾಪಸ್ ಕೇಳುತ್ತಿದ್ದರೇ? ಆದರೆ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳುವ ರೋಗ ನಮ್ಮಂಥ ಶಿಕ್ಷಕಿಯರಿಗೆ. ಪ್ರಾಣಿಗಳ ಎಲುಬು, ಚರ್ಮ ಕುದಿಸಿ ತೆಗೆಯುವ ಅಂಟು ಎಂದು ಪಾಠ ಒಪ್ಪಿಸಿದೆ.

ಒಬ್ಬಳು ತನ್ನ ಮಗುವಿನ ಬಾಯಿಗೆ ಬೆರಳು ಹಾಕಿ ಹಸಿರು ಮೊಸಳೆಯೊಂದನ್ನು ಹೊರಗೆಳೆದಳು. ಸಂಜೆಯೊಳಗೆ ಅರ್ಧ ಊರು ಪಾಕೀಟು ವಾಪಸ್ ತಂದಿತು. ಎಷ್ಟೋ ಮನೆಗಳಲ್ಲಿ ಮಕ್ಕಳ ಬಾಯಿಗೆ ವಿಭೂತಿಯ ನೀರು ಹಾಕಿ ಮುಕ್ಕಳಿಸಲು ಹಚ್ಚಿದರಂತೆ. ಗೊತ್ತಿಲ್ಲದೆ ತಂದೆ ಎಂದು ಅವ್ವ ಒಬ್ಬೊಬ್ಬರಿಗೂ ಹೇಳಿದಳು. ಕೆಲವರು ನಂಬಿದರು. ಕೆಲವರು ಆಮೇಲೆ ಸಾಬೂನಿನ ಪಾಕೀಟನ್ನೂ ತಿರುಗಿಸಿ ಓದತೊಡಗಿದರು.

ಮಾವ ಗೆದ್ದವನಂತೆ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಮಿಠಾಯಿಯ ಡಬ್ಬಗಳನ್ನು ಒಂದೊಂದಾಗಿ ಹೊರಗಿಟ್ಟು, ಕೈ ತೊಳೆದುಕೊಂಡು ಬಂದು ಅವನ ಮುಂದೆ ನಿಂತಳು.

"ಅಣ್ಣಾ, ಇದನ್ನ ನನ್ನ ಕಿವ್ಯಾಗ ಹೇಳಾಕ ಬರ್ತಿರಲಿಲ್ಲೇನು?"

"ಖರೇ ಮಾತು ಕಿವ್ಯಾಗ ಹೇಳಿದ್ರೇನು, ಸಂತ್ಯಾಗ ಹೇಳಿದ್ರೇನು, ಎಲ್ಲಾ ಒಂದ" ಎಂದ ಮಾವ.

"ಹಂಗಾದ್ರ ಇನ್ನ ಮ್ಯಾಲ ನೀ ಸಂತ್ಯಾಗ ಇರು. ನನ್ನ ಕಡಿ ಬರಬ್ಯಾಡ."

ಅಷ್ಟೇ. ಕೂಗಾಡಲಿಲ್ಲ, ಅಳಲಿಲ್ಲ. ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡಳು.

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ತವರಿನ ಹಬ್ಬ. ಮದುವೆಯಾದ ವರ್ಷದಿಂದ ಅವ್ವ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಪ್ರತಿ ವರ್ಷ ಮಾವನೇ ಬಂದು ಕರೆದುಕೊಂಡು ಹೋಗುತ್ತಿದ್ದ. ಆ ವರ್ಷವೂ ಬಂದ, ಕೈಯಲ್ಲಿ ಸೀರೆ ಹಿಡಿದುಕೊಂಡು. ಅವ್ವ ಅವನಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು. ಸೀರೆಯನ್ನು ಮುಟ್ಟಲಿಲ್ಲ. ಅವನು ಒಂದು ತಾಸು ಕೂತು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಹೋಗುವಾಗ ನನ್ನ ಹತ್ತಿರ, ನಿಮ್ಮವ್ವನಿಗೆ ಸತ್ಯ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದ. ಇವನನ್ನು ಏನು ಮಾಡಬೇಕು ಹೇಳಿ! ಮಾನ್ವಿಗೆ ಹೋಗಿ ಏಸಿ ಕೋಣೆಯಲ್ಲಿ ಕೂತು ಕಪ್ಪು ಚಾಕಲೇಟು ಚೀಪಿದನಂತೆ. ಅವತ್ತು ಅವನು ಅದರ 'ಟಕ್' ಕೇಳಲು ಕಿವಿಗೆ ಹಿಡಿಯಲಿಲ್ಲ ಎಂದು ಅತ್ತೆ ಫೋನಿನಲ್ಲಿ ಹೇಳಿದಳು.

ಮುಂದೆ ಶಿವರಾತ್ರಿ. ಗಿರಣಿಯ ಕಲ್ಲಿನ ಕಣದಲ್ಲಿ ಮಾವ ಪ್ರತಿ ವರ್ಷ ಪುರಾಣ ಹಚ್ಚಿಸುತ್ತಾನೆ. ಈ ಸಲ ಅತ್ತೆ ತಾನೇ ದೇವದುರ್ಗಕ್ಕೆ ಬಂದು ಅವ್ವನ ಕೈ ಹಿಡಿದುಕೊಂಡು, "ನಿಮ್ಮಣ್ಣನ ಸಲುವಾಗಿ ಬ್ಯಾಡ, ಶಿವನ ಸಲುವಾಗಿ ಬಾ" ಎಂದಳು. ಶಿವನ ಮೇಲೆ ಅವ್ವನಿಗೆ ಸಿಟ್ಟಿರಲಿಲ್ಲ. ಹೊರಟಳು. ನಾನೂ ಹೊರಟೆ.

ಸರಿಯಾಗಿ ಅದೇ ವಾರ ಯಂತ್ರ ಪರೀಕ್ಷಿಸಲು ಜರ್ಮನಿಯಿಂದ ಬೇರೆ ಎಂಜಿನಿಯರ್ ಬಂದು ಹೋಗಿದ್ದ. ವಯಸ್ಸಾದವನು. ಧಣಿಗೆ ಚಾಕಲೇಟೆಂದರೆ ಪ್ರಾಣ ಎಂದು ಕೇಳಿ, ಬಂಗಾರದ ಹಾಳೆಯಲ್ಲಿ ಸುತ್ತಿದ ಉಂಡೆ ಉಂಡೆ ಚಾಕಲೇಟುಗಳ ದೊಡ್ಡ ದೊಡ್ಡ ಡಬ್ಬಿ ತಂದುಕೊಟ್ಟಿದ್ದ. ಮಾವನ ತಲೆಯಲ್ಲಿ ಬೆಳಕು ಹೊತ್ತಿತು. ಇದರಲ್ಲಿ ಅಕ್ಕಿ ಇಲ್ಲ, ಜೋಳ ಇಲ್ಲ, ಕಾಳು ಇಲ್ಲ. ಅಂದಮೇಲೆ ಉಪವಾಸಕ್ಕೆ ನಡೆಯುತ್ತದೆ! ಬಾಳೆಹಣ್ಣು, ಖರ್ಜೂರದ ಜೊತೆ ಈ ವರ್ಷ ಜರ್ಮನ್ ಚಾಕಲೇಟು ಹಂಚುವುದು ಎಂದು ತೀರ್ಮಾನವಾಯಿತು. ಡಬ್ಬಿಯ ಮೇಲಿನದೆಲ್ಲ ಜರ್ಮನ್ ಭಾಷೆ. ತಂಗಿಯ ಅಂಗಡಿಯಲ್ಲಿ ಉಗುರು ಹಾಕಿ ಚೀಟಿ ಕಿತ್ತು ಓದಿದ ಮನುಷ್ಯ ಇದನ್ನು ಓದಿಸುವ ಗೋಜಿಗೆ ಹೋಗಲಿಲ್ಲ. ಜರ್ಮನರು ಸುಳ್ಳು ಬರೆಯುವುದಿಲ್ಲವಲ್ಲ!

ಬರೆದಿರಲಿಲ್ಲ, ಪಾಪ. ಅವರು ಖರೇ ಬರೆದಿದ್ದರು.

ಹೊತ್ತು ಮುಳುಗುವಾಗ ಪುರಾಣ ಶುರುವಾಯಿತು. ನೂರು ಜನ ಇರಬಹುದು, ಎಲ್ಲರೂ ಬೆಳಗಿನಿಂದ ಬರೀ ಹೊಟ್ಟೆಯವರು. ಮಾವ ತಾನೇ ಉಂಡೆ ತುಂಬಿದ ದೊಡ್ಡ ಪರಾತ ಹಿಡಿದು ಹಂಚುತ್ತ ಬಂದ. ಗಂಡಸರ ಕಡೆ ಮುಗಿಸಿ ಹೆಂಗಸರ ಕಡೆ ಬರುವುದರೊಳಗೆ ಅಲ್ಲಿ ಒಂದು ಥರದ ಸುಖ ಹರಡಿತ್ತು. ಒಳಗೆ ಕಷಾಯ ಇದ್ದ ಹಾಗಿದೆ ಎಂದರು ಒಬ್ಬರು. ಎದೆಯ ಕಫ ಸಡಿಲಾಯಿತು ಎಂದರು ಇನ್ನೊಬ್ಬರು. ಮೂರು ವರ್ಷದಿಂದ ಹೊಲದ ಬದುವಿನ ಸಲುವಾಗಿ ಕೋರ್ಟಿನಲ್ಲಿದ್ದ ಇಬ್ಬರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಕೂತಿದ್ದರು. ಪುರಾಣ ಹೇಳುವ ಹಿರಿಯರ ಮುಂದೆ ಮಾವ ಭಕ್ತಿಯಿಂದ ಒಂದು ತಟ್ಟೆಯನ್ನೇ ಇಟ್ಟಿದ್ದ. ಅವರು ಆರು ತಿಂದರು. ಬಿಲ್ವದ ಮರ ಹತ್ತಿದ ಬೇಟೆಗಾರನ ಕಥೆ ನಡೆದಿತ್ತು. ಬೇಟೆಗಾರ ಮರ ಹತ್ತಿದ. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿದ. ಮೂರನೆಯ ಸಲವೂ ಹತ್ತಿದ. ಒಮ್ಮೆಯೂ ಇಳಿಯಲಿಲ್ಲ. ಜನ ಕಣ್ಣೀರು ಹಾಕಿಕೊಂಡು ಕೇಳುತ್ತಿದ್ದರು.

ನಮ್ಮ ಸಾಲಿಗೆ ಬಂದಾಗ ಮಾವ ಅವ್ವನ ಮುಂದೆ ಒಂದು ಗಳಿಗೆ ತಡೆದು, ಮಾತಾಡದೆ ಎರಡು ಉಂಡೆ ಇಟ್ಟು ಮುಂದೆ ಹೋದ. ಅವ್ವ ಒಂದನ್ನು ಬಿಡಿಸಿ ಮೂಗಿನ ಹತ್ತಿರ ಹಿಡಿದಳು. ಹಿಡಿದವಳು ಹಾಗೇ ಕೆಳಗಿಟ್ಟಳು. ಅಪ್ಪನ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಆ ವಾಸನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ಖಾಲಿ ಡಬ್ಬಿಯೊಂದನ್ನು ತರಿಸಿ ನನ್ನ ಕೈಗೆ ಕೊಟ್ಟು, ಓದು ಎಂದಳು. ನಾನು ಮೊಬೈಲ್ ಹಿಡಿದು ಭಾಷಾಂತರ ಮಾಡಿದೆ. ಕೋಕೋ, ಸಕ್ಕರೆ, ಚೆರಿ ಹಣ್ಣು, ಬ್ರಾಂದಿ. ಅವ್ವನಿಗೆ ತೋರಿಸಿದೆ. ಈ ಸಲ ಮೆಲ್ಲಗೆ ಹೇಳುವಷ್ಟು ಬುದ್ಧಿ ಬಂದಿತ್ತು.

ಅವ್ವ ಎದ್ದು ನಿಂತಳು. ನಾಲ್ಕು ಹೆಜ್ಜೆ ದೂರದಲ್ಲಿ ಮೈಕು ಇತ್ತು. ಸುಳ್ಳು ಯಾಕೆ ಹೇಳಲಿ, ಅವಳು ಮೈಕು ಹಿಡಿಯಲಿ ಎಂದು ನನ್ನ ಒಳಗೆ ಯಾರೋ ಕುಣಿಯುತ್ತಿದ್ದರು. ಶಿವರಾತ್ರಿಯ ದಿನ, ಉಪವಾಸದವರಿಗೆ, ಪುರಾಣದ ನಡುವೆ ಬ್ರಾಂದಿ! ಒಂದು ಮಾತು ಸಾಕಿತ್ತು. ಮಾವ ಮಾನ್ವಿಯಲ್ಲಿ ಮತ್ತೆ ತಲೆ ಎತ್ತುತ್ತಿರಲಿಲ್ಲ.

ಅವ್ವ ಮೈಕನ್ನು ದಾಟಿ ಹೋದಳು. ಪರಾತ ಹಿಡಿದು ನಿಂತಿದ್ದ ಅಣ್ಣನ ಹೆಗಲ ಹತ್ತಿರ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಮಾವನ ಮುಖ ಹಣೆಯ ವಿಭೂತಿಗಿಂತ ಬೆಳ್ಳಗಾಯಿತು. ಪರಾತ ಅವನ ಕೈಯಿಂದ ಜಾರುವ ಮೊದಲೇ ಅವ್ವ ಅದನ್ನು ಇಸಿದುಕೊಂಡು ಜನರ ಕಡೆ ತಿರುಗಿದಳು.

"ಯಪ್ಪಗಳಿರಾ, ಯವ್ವಗಳಿರಾ, ಬಿಸಲಿಗಿ ಚಾಕಲೇಟು ಕೆಟ್ಟಾವು. ಇರಿವಿ ಹೊಕ್ಕಾವು. ತಿನ್ನಬ್ಯಾಡ್ರಿ, ಉಳದದ್ದು ನನ್ನ ಉಡ್ಯಾಗ ಹಾಕ್ರಿ. ಬಾಳಿಹಣ್ಣು ತೊಗೋರಿ."

ಹೇಳಿ, ಸೆರಗು ಚಾಚಿಕೊಂಡು ಸಾಲು ಸಾಲು ತಿರುಗಿ ಎಲ್ಲವನ್ನೂ ಕೂಡಿಸಿದಳು. ಗಂಡಸರ ಕಡೆ ಕೆಲವರು ಇರಿವಿ ಇದ್ದರೂ ಅಡ್ಡಿಯಿಲ್ಲ ಎಂದರು. ಅವರ ಮುಷ್ಟಿಯನ್ನೂ ಬಿಡಿಸಿ ಇಸಿದುಕೊಂಡಳು. ಉಡಿ ತುಂಬಿದ್ದನ್ನು ಗಿರಣಿಯ ಹಿಂದಿನ ಬೂದಿಯ ಗುಂಡಿಯಲ್ಲಿ ಸುರಿದು, ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಬಸ್ಸಿನಲ್ಲಿ, ಅವನನ್ನು ಯಾಕೆ ಸುಮ್ಮನೆ ಬಿಟ್ಟೆ ಎಂದು ಕೇಳಿದೆ. ಕಿಟಕಿಯ ಹೊರಗೆ ನೋಡುತ್ತ, "ಗಿರಣಿ ಬೋರ್ಡಿನ ಮ್ಯಾಲ ನಮ್ಮಪ್ಪನ ಹೆಸರದ" ಎಂದಳು.

ಮಾನ್ವಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಆ ವರ್ಷದಷ್ಟು ಚೆಂದದ ಪುರಾಣ ಎಂದೂ ಆಗಿರಲಿಲ್ಲ ಎಂದು ಜನ ಹೊಗಳುತ್ತಿದ್ದರಂತೆ. ಕೋರ್ಟಿನ ಇಬ್ಬರು ಮಾತ್ರ ಮರುದಿನ ಬೆಳಿಗ್ಗೆ ಎದ್ದು ಮೊದಲಿನಂತೆ ಆದರು. ಅತ್ತೆ ಫೋನು ಮಾಡಿ, ಮಾವ ಏಸಿ ಬಂದ್ ಮಾಡಿದ್ದಾನೆ, ಕಪಾಟಿನ ಕಡೆ ಹೋಗುತ್ತಿಲ್ಲ, ಹಮಾಲರಿಗೆ ಭಜಿ ತರಿಸಿಕೊಡುತ್ತಿದ್ದಾನೆ ಎಂದು ಹೇಳಿದಳು. ಹೇಳುವಾಗ ಅವಳಿಗೆ ಮಾವನ ಚಿಂತೆಯೋ ಏಸಿಯ ಚಿಂತೆಯೋ ತಿಳಿಯಲಿಲ್ಲ.

ಹದಿನೈದು ದಿನದ ಮೇಲೆ, ದೇವದುರ್ಗದ ಸಂತೆಯ ದಿನ, ಮಾವ ಬಂದ. ಅಂಗಡಿಯಲ್ಲಿ ಆ ಹೊತ್ತಿಗೆ ಒಳ್ಳೆಯ ಗಿರಾಕಿ ಇತ್ತು, ನಾನೂ ಅವ್ವನ ನೆರವಿಗೆ ಬಂದಿದ್ದೆ. ಅವ್ವ ತಲೆ ಎತ್ತಲಿಲ್ಲ. ಅವನು ಮೆಟ್ಟಿಲ ಮೇಲೆ ನಿಂತು, ಚೀಲದಿಂದ ಬಂಗಾರದ ಬಣ್ಣದ ಖಾಲಿ ಡಬ್ಬಿ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಹೋದ ವರ್ಷ ಇಲ್ಲೇ ನಿಂತು ನನ್ನ ತಂಗಿ ಮಾಲು ಓದೀನಿ. ಇವತ್ತ ನನ್ನ ಮಾಲು ಓದ್ತೀನಿ, ಕೇಳ್ರಿ. ಕೋಕೋ, ಸಕ್ರಿ, ಚೆರಿ ಹಣ್ಣು, ಬ್ರಾಂದಿ. ಶಿವರಾತ್ರಿ ದಿನ ಉಪವಾಸ ಇದ್ದ ನೂರು ಮಂದಿಗೆ ಇದನ್ನ ನಾ ಕೈಯಾರೆ ತಿನಿಸೀನಿ."

ಅವ್ವ ಗಲ್ಲಾ ಪೆಟ್ಟಿಗೆಯನ್ನು ಬಿಟ್ಟು ಓಡಿಬಂದು ಅವನ ಧೋತರ ಹಿಡಿದು ಜಗ್ಗಿದಳು.

"ಕೆಳಗ ಇಳಿ ಅಣ್ಣಾ. ನಾ ಮುಚ್ಚಿದ್ದನ್ನ ನೀ ಯಾಕ ತೆಗಿಯಾಕತ್ತಿ?"

ಮಾವ ಇಳಿಯಲಿಲ್ಲ. ಜನರನ್ನೇ ನೋಡುತ್ತಿದ್ದ. "ಆಕಿ ನನಗ ಕಿವ್ಯಾಗ ಹೇಳಿದ್ಳು. ನಾ ಆಕೀದು ಸಂತ್ಯಾಗ ಹೇಳಿದ್ದೆ. ಎರಡೂ ಒಂದ ಅಂತಿದ್ದೆ. ಒಂದ ಅಲ್ಲ."

ಬಳೆ ಇಟ್ಟುಕೊಳ್ಳುತ್ತಿದ್ದ ಹೆಂಗಸು ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕ ದಾರಿ ಮಾಡಿಕೊಂಡು ಮುಂದೆ ಬಂದ. ಡಬ್ಬಿಯನ್ನು ಹತ್ತಿರದಿಂದ ನೋಡಿದ.

"ಇವು ಇನ್ನೂ ಉಳದಾವೇನ್ರೀ?"

ಅಂಗಡಿ ಬಿದ್ದು ಬಿದ್ದು ನಕ್ಕಿತು. ಅವ್ವನೂ ಸೆರಗು ಬಾಯಿಗೆ ಹಿಡಿದುಕೊಂಡಳು. ಮಾವ ಮಾತ್ರ ನಗಲಿಲ್ಲ. ಮೆಟ್ಟಿಲಿನಿಂದ ಇಳಿದು, ಎಲ್ಲಿ ಹೋಗಬೇಕೆಂದು ತಿಳಿಯದವನಂತೆ ನಿಂತ. ಅವ್ವ ಒಳಗಿನ ಸ್ಟೂಲನ್ನು ಕಾಲಿನಿಂದಲೇ ಅವನ ಕಡೆ ಸರಿಸಿದಳು. ಅವನು ಕೂತ. ಅವತ್ತು ಮಧ್ಯಾಹ್ನವೆಲ್ಲ ಅವನು ಅಲ್ಲೇ ಕೂತು ಅವ್ವ ಕೇಳಿದ ಡಬ್ಬಿ ತೆಗೆದುಕೊಟ್ಟ. ಕೆಂಪು ರಿಬ್ಬನ್ ಕೇಳಿದರೆ ಗುಲಾಬಿ ಕೊಟ್ಟ. ಹಣೆಯ ಟಿಕಳಿ ಕೇಳಿದರೆ ಗುಂಡಿ ಕೊಟ್ಟ. ಒಂದು ತಾಲೂಕಿಗೆ ಅಕ್ಕಿ ಮಾಡಿಕೊಡುವ 'ಜರ್ಮನಿ ಧಣೇರು' ತಂಗಿಯ ಹತ್ತಿರ ಬೈಸಿಕೊಳ್ಳುತ್ತ ಹೇರ್‌ಪಿನ್ ಎಣಿಸುತ್ತಿದ್ದುದನ್ನು ನಾನು ಕಣ್ಣು ತುಂಬ ನೋಡಿದೆ.

ಸಂತೆ ಕರಗಿದ ಮೇಲೆ ಅವ್ವ ಮೂವರಿಗೂ ರೊಟ್ಟಿಯ ಗಂಟು ಬಿಚ್ಚಿದಳು. ಉಂಡೆವು. ಕೈ ತೊಳೆದುಕೊಂಡು ಬಂದು ಅವ್ವ ಒಮ್ಮೆಗೇ ಕೇಳಿದಳು.

"ಆ ಕರೇ ಚಾಕಲೇಟು ತಂದೀಯೇನು? ಮೊದಲಿನದು. ಬ್ರಾಂದಿ ಇಲ್ಲದ್ದು."

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಮಾವ ಹಮಾಲರಿಗೆ, ಪೋಸ್ಟಿನವನಿಗೆ, ಯಂತ್ರದ ಪೂಜೆಗೆ ಬಂದವರಿಗೆ, ಎಲ್ಲರಿಗೂ ತಿನಿಸಿದ್ದ. ಅವ್ವ ಒಮ್ಮೆಯೂ ತಿಂದಿರಲಿಲ್ಲ. ಅವನು ಕೊಡಲು ಬಂದಾಗಲೆಲ್ಲ ಒಲ್ಲೆ ಎಂದಿದ್ದಳು.

ಮಾವ ಚೀಲದ ತಳದಿಂದ ಒಂದು ಪಾಕೀಟು ತೆಗೆದ. ದಾರಿಯ ಬಿಸಿಲಿಗೆ ಅದು ಪೂರ್ತಿ ಮೆತ್ತಗಾಗಿತ್ತು. ಮುರಿದರೆ ಸಪ್ಪಳ ಬರುವ ಪ್ರಶ್ನೆಯೇ ಇರಲಿಲ್ಲ. ಹೇಗೆ ತಿನ್ನಬೇಕು ಎಂದು ಅವನು ಹೇಳುತ್ತಾನೆಂದು ನಾನು ಕಾದೆ. ಹೇಳಲಿಲ್ಲ. ಅವ್ವ ಬೆರಳಿನಿಂದ ಬಳಿದು ಬಾಯಿಗೆ ಇಟ್ಟುಕೊಂಡಳು. ಮಾವ ಅವಳ ಮುಖವನ್ನು, ಪರೀಕ್ಷೆಯ ಫಲಿತಾಂಶ ಹಚ್ಚಿದ ಗೋಡೆಯನ್ನು ನೋಡುವವನ ಹಾಗೆ ನೋಡುತ್ತಿದ್ದ.

"ಕಹಿ ಅದ" ಎಂದಳು ಅವ್ವ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳು ಅದ್ದಿದಳು.

ತಿನ್ನುತ್ತ ತಿನ್ನುತ್ತ ಅವಳ ಗಲ್ಲಕ್ಕೆಲ್ಲ ಹತ್ತಿತು. ಐವತ್ತೆಂಟು ವರ್ಷದ ಅವ್ವ ಅದನ್ನು ಗಮನಿಸಲಿಲ್ಲ. ಮಾವ ಸ್ಟೂಲಿನ ಮೇಲಿಂದ ಬಗ್ಗಿ, ತನ್ನ ಶುಭ್ರ ಬಿಳಿ ಧೋತರದ ಚುಂಗು ಹಿಡಿದು ಅವಳ ಗಲ್ಲವನ್ನು ಒರೆಸಿದ. ಅವ್ವ ಚಿಕ್ಕ ಹುಡುಗಿಯ ಹಾಗೆ ಮುಖ ಮುಂದೆ ಚಾಚಿ, ಕಣ್ಣು ಮುಚ್ಚಿ, ಒರೆಸಿ ಮುಗಿಯುವವರೆಗೂ ಸುಮ್ಮನೆ ಕೂತಿದ್ದಳು.